ಸಿಂಹಾಸನವಿಲ್ಲದ ಒಂಬತ್ತನೇ ಹೆನ್ರಿ

1788ರ ಜನವರಿ 31ರಂದು ರೋಮ್ ನಗರದಲ್ಲಿ ಚಾರ್ಲ್ಸ್ ಎಡ್ವರ್ಡ್ ಸ್ಟುವರ್ಟ್ ತೀರಿಕೊಂಡ. ಅಂದಿನಿಂದ ಅವನ ತಮ್ಮ ಹೆನ್ರಿ, ಅನುಯಾಯಿಗಳ ಪಾಲಿಗೆ ಇಂಗ್ಲೆಂಡಿನ ದೊರೆ ‘ಒಂಬತ್ತನೇ ಹೆನ್ರಿ’. ರಾಜ್ಯವಿಲ್ಲ, ಸೈನ್ಯವಿಲ್ಲ, ಪೋಪರ ಮನ್ನಣೆಯೂ ಇಲ್ಲ. ಆದರೂ ಅವನು ಪದಕವೊಂದನ್ನು ಅಚ್ಚು ಹಾಕಿಸಿದ. ತಾನು ದೊರೆಯಾದದ್ದು ಜನರ ಅಪೇಕ್ಷೆಯಿಂದಲ್ಲ, ದೈವೇಚ್ಛೆಯಿಂದ ಎಂಬುದು ಅದರ ಮೇಲಿನ ಬರಹದ ಭಾವ.

ಈ ಕಥೆಯ ಬೇರು ನೂರು ವರ್ಷ ಹಿಂದಕ್ಕೆ ಹೋಗುತ್ತದೆ. ಕ್ಯಾಥೊಲಿಕ್ ಪಂಥದ ಎರಡನೇ ಜೇಮ್ಸ್‌ಗೆ 1688ರಲ್ಲಿ ಗಂಡುಮಗು ಹುಟ್ಟಿತು. ಇನ್ನು ಕ್ಯಾಥೊಲಿಕ್ ವಂಶವೇ ಆಳುವುದೆಂದು ಪ್ರಾಟೆಸ್ಟಂಟ್ ಪ್ರಮುಖರು ಕಳವಳಗೊಂಡರು. ಜೇಮ್ಸನ ಅಳಿಯ, ಆರೆಂಜಿನ ವಿಲಿಯಂನನ್ನು ಕರೆಸಿದರು. ಜೇಮ್ಸ್ ಫ್ರಾನ್ಸಿಗೆ ಓಡಿಹೋದ. 1714ರಲ್ಲಿ ಕಿರೀಟ ಜರ್ಮನಿಯ ಹ್ಯಾನೋವರ್ ಮನೆತನಕ್ಕೆ ಸಂದಿತು.

ಜೇಮ್ಸನ ಮೊಮ್ಮಗ ಚಾರ್ಲ್ಸ್ 1745ರಲ್ಲಿ ಸ್ಕಾಟ್ಲೆಂಡಿಗೆ ಬಂದಿಳಿದು, ದಂಡು ಕಟ್ಟಿಕೊಂಡು ದಕ್ಷಿಣಕ್ಕೆ ನುಗ್ಗಿದ. ಡಿಸೆಂಬರ್ 4ರಂದು ಡರ್ಬಿ ಪಟ್ಟಣ ಸೇರಿದಾಗ ಲಂಡನ್ ಸುಮಾರು 200 ಕಿ.ಮೀ. ದೂರದಲ್ಲಿತ್ತು. ಇಂಗ್ಲಿಷರ ಬೆಂಬಲ ಒದಗಲಿಲ್ಲ, ಫ್ರೆಂಚ್ ಸೈನ್ಯ ಬರಲಿಲ್ಲ. ಎದುರಿಗೆ ಇನ್ನೊಂದು ಸೇನೆ ಕಾದಿದೆಯೆಂದು ಸರ್ಕಾರದ ಗೂಢಚಾರನೊಬ್ಬ ಸುಳ್ಳು ಸುದ್ದಿಯನ್ನೂ ಹೇಳಿದ. ಚಾರ್ಲ್ಸ್ ಒಪ್ಪದಿದ್ದರೂ ದಳಪತಿಗಳು ಹಿಂದಿರುಗಲು ತೀರ್ಮಾನಿಸಿದರು. 1746ರ ಏಪ್ರಿಲ್ 16ರಂದು ಕಲೋಡೆನ್ ಬಯಲಿನಲ್ಲಿ ಒಂದು ಗಂಟೆಯೊಳಗೆ ಎಲ್ಲವೂ ಮುಗಿಯಿತು.

ಮರುವರ್ಷವೇ ಹೆನ್ರಿ ಕಾರ್ಡಿನಲ್ ಆದ. ಕ್ಯಾಥೊಲಿಕ್ ಪಾದ್ರಿಗೆ ಮದುವೆಯಿಲ್ಲ, ವಂಶವೂ ಬೆಳೆಯುವುದಿಲ್ಲ. ಅಣ್ಣನಿಗೆ ಇದು ಬೆನ್ನಿಗೆ ಇರಿದಂತಾಯಿತು. ಕತ್ತಿ ಮುಗಿಸದೆ ಬಿಟ್ಟ ಕೆಲಸವನ್ನು ಕಾರ್ಡಿನಲ್ಲನ ಕೆಂಪು ಟೋಪಿ ಮುಗಿಸಿತು.

1798ರಲ್ಲಿ ಫ್ರೆಂಚರು ರೋಮನ್ನು ಹಿಡಿದಾಗ ಮುದಿ ಹೆನ್ರಿ ಆಸ್ತಿ ಕಳೆದುಕೊಂಡು ಓಡಬೇಕಾಯಿತು. ಅವನ ಪಾಡು ಕೇಳಿ ನೆರವಿಗೆ ಬಂದವನು ಯಾರು? ಹ್ಯಾನೋವರ್ ಮನೆತನದ ದೊರೆ ಮೂರನೇ ಜಾರ್ಜ್! 1800ರಿಂದ ವರ್ಷಕ್ಕೆ 4,000 ಪೌಂಡ್ ಗೊತ್ತುಮಾಡಿದ. ಎರಡನೇ ಜೇಮ್ಸನ ರಾಣಿಗೆ ಸಲ್ಲಬೇಕಿದ್ದ ಹಳೆಯ ಬಾಕಿಯೇ ಇದು ಎಂದು ಸ್ಟುವರ್ಟ್ ಪಕ್ಷದವರು ಸಮಾಧಾನಪಟ್ಟುಕೊಂಡರು. 1807ರ ಜುಲೈ 13ರಂದು ಫ್ರಸ್ಕಾಟಿಯಲ್ಲಿ ಹೆನ್ರಿ ನಿಧನನಾದ. ನೇರ ಪುರುಷಸಂತತಿ ಅಲ್ಲಿಗೆ ನಿಂತಿತು.

ಆದರೆ ‘ಹಾಗಾಗದಿದ್ದರೆ’ ಎಂಬ ಪ್ರಶ್ನೆ ನಿಲ್ಲಲಿಲ್ಲ. ಡರ್ಬಿಯಿಂದ ಚಾರ್ಲ್ಸ್ ಮುಂದಕ್ಕೇ ನಡೆದಿದ್ದರೆ ಏನಾಗುತ್ತಿತ್ತೆಂದು ಇತಿಹಾಸಕಾರ ಚಾರ್ಲ್ಸ್ ಪೆಟ್ರಿ 1926ರಲ್ಲಿ ಕಲ್ಪಿಸಿ ಬರೆದ. ಲೇಖಕಿ ಜೋನ್ ಏಕನ್ ಇನ್ನೂ ಮುಂದೆ ಹೋದರು. 1962ರಲ್ಲಿ ‘ದಿ ವುಲ್ವ್ಸ್ ಆಫ್ ವಿಲ್ಲೋಬಿ ಚೇಸ್’ ಕೃತಿಯಿಂದ ಆರಂಭವಾದ ಅವರ ಮಕ್ಕಳ ಕಾದಂಬರಿ ಮಾಲೆಯಲ್ಲಿ ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡನ್ನು ಆಳುವವನು ಸ್ಟುವರ್ಟ್ ದೊರೆ ಮೂರನೇ ಜೇಮ್ಸ್. ಕದ್ದುಮುಚ್ಚಿ ಸಂಚು ಹೂಡುವವರು ಹ್ಯಾನೋವರ್ ಪಕ್ಷದವರು!

ಈ ತಮಾಷೆಯಲ್ಲಿ ಒಂದು ಸತ್ಯ ಅಡಗಿದೆ. ಗೆದ್ದವನು ದೊರೆ, ಸೋತವನು ದ್ರೋಹಿ. ಈ ಎರಡು ಹೆಸರುಗಳ ನಡುವಿನ ಅಂತರ ಒಮ್ಮೊಮ್ಮೆ ಡರ್ಬಿಯ ಒಂದು ಸಭೆಯಷ್ಟೇ. ರೋಮ್‌ನ ಸಂತ ಪೀಟರ್ ಮಹಾದೇವಾಲಯದಲ್ಲಿ ಸ್ಟುವರ್ಟರಿಗೆ ಶಿಲ್ಪಿ ಕನೋವಾ ಕೆತ್ತಿದ 1819ರ ಸ್ಮಾರಕವಿದೆ. ಅದಕ್ಕೆ ಹಣದ ನೆರವು ನೀಡಿದವರಲ್ಲಿ ಮೂರನೇ ಜಾರ್ಜನ ಮಗನೂ ಒಬ್ಬ. ಎದುರಾಳಿಯ ಭಯ ಪೂರ್ತಿ ಅಳಿದ ಮೇಲೆ ಗೌರವ ತೋರುವುದು ಸುಲಭ.