ಭತ್ತದ ರಾಶಿಗೆ ಎರಡು ಉತ್ತರ: ಬನವಾಸಿ ನಾಡಿನ ಹಿನ್ನೆಲೆಯಲ್ಲಿ ವರ್ಗ ಸಮೀಕರಣದ ಮೂಲಗಳು ಮತ್ತು ಸಹಗುಣಕಗಳು

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೋಡಿಯಮಠದಲ್ಲಿ ಏನೇನು ಓದಿಸುತ್ತಿದ್ದರೆಂಬುದನ್ನು 1162ರ ಶಾಸನವೊಂದು ಪಟ್ಟಿ ಮಾಡಿ ಹೇಳುತ್ತದೆ. ಕೌಮಾರ, ಪಾಣಿನೀಯ, ಶಾಕಟಾಯನ ವ್ಯಾಕರಣಗಳು, ದರ್ಶನಗಳು, ಲಾಕುಳ ಸಿದ್ಧಾಂತ, ಪಾತಂಜಲ ಯೋಗ, ಪುರಾಣ, ಧರ್ಮಶಾಸ್ತ್ರ, ಕಾವ್ಯ, ನಾಟಕ ಎಲ್ಲವೂ ಅದರಲ್ಲಿವೆ. ಗಣಿತವೆಂಬ ಹೆಸರು ಮಾತ್ರ ಪ್ರತ್ಯೇಕವಾಗಿ ಇಲ್ಲ. ಈ ಶಾಸನಕ್ಕೆ ಹನ್ನೆರಡು ವರ್ಷ ಮೊದಲು, 1150ರಲ್ಲಿ, ಎರಡನೆಯ ಭಾಸ್ಕರ ‘ಸಿದ್ಧಾಂತಶಿರೋಮಣಿ’ಯನ್ನು ಮುಗಿಸಿದ್ದ. ಅದಕ್ಕೂ ಮುನ್ನೂರು ವರ್ಷ ಹಿಂದೆ ರಾಷ್ಟ್ರಕೂಟರ ನಾಡಿನಲ್ಲಿ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ ಹುಟ್ಟಿತ್ತು. ಮಠದ ಪಟ್ಟಿಯಲ್ಲಿ ಕಾಣದ ಶಾಸ್ತ್ರ ನಾಡಿನಲ್ಲೇ ಇರಲಿಲ್ಲ ಎನ್ನುವಂತಿಲ್ಲ. ಅದು ಬೇರೆ ದಾರಿಯಲ್ಲಿ ಹರಿದು ಬಂತು. ಆ ದಾರಿಯಲ್ಲಿ ವರ್ಗ ಸಮೀಕರಣದ ಮೂಲಗಳಿಗೂ ಸಹಗುಣಕಗಳಿಗೂ ಇರುವ ನಂಟು ಎಷ್ಟರ ಮಟ್ಟಿಗೆ ಗೊತ್ತಿತ್ತು ಎಂಬುದು ಈ ಲೇಖನದ ಪ್ರಶ್ನೆ.

ಮಹಾವೀರ ತನ್ನ ಗ್ರಂಥದ ಮೊದಲಿನಲ್ಲೇ ಅಮೋಘವರ್ಷ ನೃಪತುಂಗನನ್ನು ಹೊಗಳುತ್ತಾನೆ. ಅಮೋಘವರ್ಷ 814ರಿಂದ 878ರವರೆಗೆ ಆಳಿದವನು. ಅವನ ಕಾಲದಲ್ಲಿ ಬನವಾಸಿ 12000ವನ್ನು ನೋಡಿಕೊಂಡವನು ದಂಡನಾಯಕ ಬಂಕೆಯ. ಇಂದಿನ ಶಿಕಾರಿಪುರ, ಸೊರಬಗಳು ಆ ಪ್ರಾಂತದ ಒಳಗಿದ್ದವು. ನಾಗರಖಂಡ 70, ಜಿಡ್ಡುಳಿಗೆ 70 ಎಂಬ ಅದರ ಒಳನಾಡುಗಳ ಹೆಸರು ಇಲ್ಲಿಯ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಈ ನಾಡಿನಲ್ಲಿ ಜೈನರ ಬೇರು ಆಳವಾಗಿತ್ತು. 10ನೆಯ ಶತಮಾನದ ಆರಂಭದಲ್ಲಿ ಗಂಡ ಸತ್ತ ಮೇಲೆ ನಾಗರಖಂಡದ ಆಡಳಿತವನ್ನು ಕೈಗೆತ್ತಿಕೊಂಡ ಜಕ್ಕಿಯಬ್ಬೆ ಜೈನಳು. ಬಂದಣಿಕೆಯಲ್ಲಿ ಸಲ್ಲೇಖನದಿಂದ ಮುಡಿಪಿದಳು. ಸೊರಬ ತಾಲ್ಲೂಕಿನ ಕುಪ್ಪಟೂರಿನಲ್ಲಿ 11ನೆಯ ಶತಮಾನದಲ್ಲಿ ಕದಂಬ ರಾಣಿ ಮಾಳಲದೇವಿ ಪಾರ್ಶ್ವನಾಥ ಬಸದಿಗೆ ಆಸರೆಯಾದಳು. ಲೆಕ್ಕವನ್ನು ಧರ್ಮಶಾಸ್ತ್ರದ ಅಂಗವೆಂದೇ ಕಂಡ ಪಂಥವಿದು. ಗಣಿತದ ಓಲೆಗರಿ ಉಳಿದುಬಂದದ್ದು ಹೆಚ್ಚಾಗಿ ಇಂಥವರ ಕೈಯಲ್ಲೇ. ಇಷ್ಟನ್ನೇ ಹಿಡಿದು ಮಹಾವೀರ ಬಂದಣಿಕೆಯಲ್ಲೋ ಬನವಾಸಿಯಲ್ಲೋ ಕುಳಿತು ಬರೆದನೆಂದು ಹೇಳಹೊರಟರೆ ಅದು ಊರಭಿಮಾನವಾದೀತು, ಸಂಶೋಧನೆಯಾಗದು. ಅವನು ಅರಸನ ಹೆಸರು ಹೇಳಿದ್ದಾನೆ, ತನ್ನ ಊರಿನ ಹೆಸರನ್ನು ಹೇಳಿಲ್ಲ.

‘ಗಣಿತಸಾರಸಂಗ್ರಹ’ದ ನಾಲ್ಕನೆಯ ಅಧಿಕಾರ ಪ್ರಕೀರ್ಣಕ ವ್ಯವಹಾರ. ಭಿನ್ನರಾಶಿಯ ಬಿಡಿ ಲೆಕ್ಕಗಳೆಂದು ಹೆಸರಿದ್ದರೂ ವರ್ಗ ಸಮೀಕರಣಗಳು ತುಂಬಿರುವುದು ಇಲ್ಲೇ. ಅಲ್ಲಿಯ ಒಂದು ಲೆಕ್ಕ ಹೀಗಿದೆ: ಒಬ್ಬ ಕೃಷಿಕನಿಗೆ ಭತ್ತದ ರಾಶಿಯ ಎಂಟನೆಯ ಒಂದು ಭಾಗವನ್ನು ಅದೇ ರಾಶಿಯ ಹದಿನಾರನೆಯ ಒಂದು ಭಾಗದಿಂದ ಗುಣಿಸಿದಷ್ಟು ಸಿಕ್ಕಿತು, ಮೇಲೆ 24 ವಾಹ ಭತ್ತವೂ ಸಿಕ್ಕಿತು, ಹಾಗಾದರೆ ರಾಶಿ ಎಷ್ಟು? ಭತ್ತವನ್ನು ಭತ್ತದಿಂದಲೇ ಗುಣಿಸುವ ರೈತ ಕಣದಲ್ಲಿ ಸಿಗಲಾರ ಎಂಬುದು ನಿಜ. ಲೆಕ್ಕ ಕಟ್ಟಿದವನ ಕಣ್ಣು ಕಣದ ಮೇಲಿಲ್ಲ, ಸೂತ್ರದ ಮೇಲಿದೆ.

ಸೂತ್ರದ ತಾತ್ಪರ್ಯ ಇಷ್ಟು. ಎರಡು ಭಾಗಗಳನ್ನು ಗುಣಿಸಿ ಬಂದ ಛೇದವನ್ನು ಅದರ ಅಂಶದಿಂದ ಭಾಗಿಸಬೇಕು. ಅದರಲ್ಲಿ ಉಳಿಕೆಯ ನಾಲ್ಕು ಪಟ್ಟನ್ನು ಕಳೆಯಬೇಕು. ಬಂದುದನ್ನು ಮತ್ತೆ ಅದೇ ಛೇದದಿಂದ ಗುಣಿಸಿ ವರ್ಗಮೂಲ ತೆಗೆಯಬೇಕು. ಆ ಮೂಲವನ್ನು ಛೇದಕ್ಕೆ ಒಮ್ಮೆ ಕೂಡಿ, ಒಮ್ಮೆ ಛೇದದಿಂದ ಕಳೆದು, ಎರಡನ್ನೂ ಅರ್ಧ ಮಾಡಿದರೆ ರಾಶಿ ದೊರೆಯುತ್ತದೆ. ನಮ್ಮ ಲೆಕ್ಕದಲ್ಲಿ ಛೇದ 8 × 16 = 128, ಉಳಿಕೆ 24. 128ರಲ್ಲಿ 96 ಕಳೆದರೆ 32. ಅದನ್ನು 128ರಿಂದ ಗುಣಿಸಿದರೆ 4096, ವರ್ಗಮೂಲ 64. 128ಕ್ಕೆ 64 ಕೂಡಿ ಅರ್ಧ ಮಾಡಿದರೆ 96, ಕಳೆದು ಅರ್ಧ ಮಾಡಿದರೆ 32. ತಾಳೆ ನೋಡೋಣ. ರಾಶಿ 96 ಎಂದರೆ 12 × 6 = 72, ಅದಕ್ಕೆ 24 ಸೇರಿ 96. ರಾಶಿ 32 ಎಂದರೆ 4 × 2 = 8, ಅದಕ್ಕೆ 24 ಸೇರಿ 32. ಎರಡೂ ಸರಿ.

ಭಾಸ್ಕರನು ಅವ್ಯಕ್ತಕ್ಕೆ ಬಳಸಿದ ‘ಯಾ’ ಎಂಬ ಸಂಕೇತವನ್ನೇ ತೆಗೆದುಕೊಂಡು ಇದನ್ನು ಇಂದಿನ ರೂಪದಲ್ಲಿ ಬರೆದರೆ ಯಾ² − 128 ಯಾ + 3072 = 0. ಹತ್ತನೆಯ ತರಗತಿಯ ಮಕ್ಕಳು ಕಲಿಯುವಂತೆ ಮೂಲಗಳ ಮೊತ್ತ 96 + 32 = 128, ಗುಣಲಬ್ಧ 96 × 32 = 3072, ಎಂದರೆ 128 × 24. ಮಹಾವೀರನ ಸೂತ್ರವನ್ನು ಮತ್ತೊಮ್ಮೆ ಓದಿ: ಅವನು ಕೂಡುವುದಕ್ಕೂ ಕಳೆಯುವುದಕ್ಕೂ ನೆಲೆಯಾಗಿ ಇಟ್ಟುಕೊಂಡ ಸಂಖ್ಯೆಯೇ ಮೂಲಗಳ ಮೊತ್ತ. ಉಳಿಕೆಯನ್ನು ಆ ಸಂಖ್ಯೆಯಿಂದ ಗುಣಿಸಿದರೆ ಮೂಲಗಳ ಗುಣಲಬ್ಧ. ಸಂಬಂಧ ಸೂತ್ರದ ಒಳಗೇ ಇದೆ. ಅದನ್ನು ಹೊರಗೆ ತೆಗೆದು ಒಂದು ಪ್ರಮೇಯವಾಗಿ ಅವನು ಹೇಳಲಿಲ್ಲ.

ಇಂದು ನಾವು ಶೋಧಕ ಎನ್ನುವುದೂ ಇದೇ ಸೂತ್ರದಲ್ಲಿ ಕುಳಿತಿದೆ. ಉಳಿಕೆ 24ರ ಬದಲು 32 ವಾಹ ಇದ್ದಿದ್ದರೆ 128ರಲ್ಲಿ 128 ಹೋಗಿ ಸೊನ್ನೆ; ಎರಡು ಉತ್ತರಗಳೂ 64ರಲ್ಲಿ ಒಂದಾಗುತ್ತವೆ. 33 ಇದ್ದಿದ್ದರೆ ಋಣಸಂಖ್ಯೆಯ ಮೂಲ ತೆಗೆಯಬೇಕಾಗುತ್ತದೆ. ಋಣರಾಶಿ ಸ್ವಭಾವತಃ ವರ್ಗವಲ್ಲ, ಆದ್ದರಿಂದ ಅದಕ್ಕೆ ಮೂಲವಿಲ್ಲ ಎಂದು ಮಹಾವೀರ ಮೊದಲ ಅಧಿಕಾರದಲ್ಲೇ ಹೇಳಿಬಿಟ್ಟಿದ್ದಾನೆ.

ಆದರೆ ಎಲ್ಲ ಲೆಕ್ಕಕ್ಕೂ ಅವನು ಎರಡು ಉತ್ತರ ಕೇಳುವುದಿಲ್ಲ. ಒಂಟೆಗಳ ಲೆಕ್ಕ ಪ್ರಸಿದ್ಧವಾದದ್ದು: ಹಿಂಡಿನ ಕಾಲು ಭಾಗ ಕಾಡಿನಲ್ಲಿ, ಹಿಂಡಿನ ವರ್ಗಮೂಲದ ಎರಡರಷ್ಟು ಬೆಟ್ಟದ ಇಳಿಜಾರಿನಲ್ಲಿ, ಉಳಿದ 15 ನದೀತೀರದಲ್ಲಿ. ಉತ್ತರ 36; ಅಂದರೆ 9 + 12 + 15. ವರ್ಗಮೂಲವನ್ನು ‘ಯಾ’ ಎಂದಿಟ್ಟರೆ 3 ಯಾ² − 8 ಯಾ − 60 = 0. ಮೂಲಗಳ ಗುಣಲಬ್ಧ −20, ಎಂದರೆ ಒಂದು ಧನ, ಇನ್ನೊಂದು ಋಣ: 6 ಮತ್ತು −10/3. ಈ ಜಾತಿಯ ಲೆಕ್ಕಕ್ಕೆ ಅವನು ಕೊಡುವ ಸೂತ್ರದಲ್ಲಿ ಕೂಡುವುದಷ್ಟೇ ಇದೆ, ಕಳೆಯುವುದಿಲ್ಲ. ಹಾಗಾದರೆ ಅವನು ಲೆಕ್ಕಗಳನ್ನು ಮೂಲಜಾತಿ, ಶೇಷಮೂಲಜಾತಿ, ಅಂಶವರ್ಗಜಾತಿ ಎಂದು ವಿಂಗಡಿಸಿದ್ದು ಬರಿಯ ಹೆಸರಿಡುವ ಚಟವಲ್ಲ. ಸಹಗುಣಕಗಳ ಚಿಹ್ನೆ ಎಲ್ಲಿ ಎರಡು ಧನಮೂಲಗಳಿಗೆ ಎಡೆ ಕೊಡುತ್ತದೋ ಅಲ್ಲಿ ಎರಡನ್ನೂ ಕೊಡುತ್ತಾನೆ. ಎಲ್ಲಿ ಕೊಡುವುದಿಲ್ಲವೋ ಅಲ್ಲಿ ಒಂದರಲ್ಲೇ ನಿಲ್ಲುತ್ತಾನೆ. ಈ ವಿಂಗಡಣೆಯನ್ನು ಚಿಹ್ನೆಗಳ ವಿಂಗಡಣೆಯಾಗಿ ಓದಬೇಕೆಂಬುದು ನನ್ನ ವಾದ.

ನವಿಲುಗಳ ಲೆಕ್ಕ ಇದಕ್ಕೆ ಇನ್ನೊಂದು ಮಗ್ಗುಲು. ಗುಂಪಿನ ಹದಿನಾರನೆಯ ಒಂದು ಭಾಗದ ವರ್ಗ ಮಾವಿನ ಮರದಲ್ಲಿ, ಉಳಿದ ಹದಿನೈದು ಭಾಗಗಳ ಒಂಬತ್ತನೆಯ ಒಂದು ಭಾಗದ ವರ್ಗ ಮತ್ತು ಮೇಲೆ 14 ತಮಾಲವನದಲ್ಲಿ. ಉತ್ತರ 48: 9 + 25 + 14. ಇಲ್ಲಿಯೂ ಎರಡು ಧನಮೂಲಗಳಿವೆ, ಆದರೆ ಇನ್ನೊಂದು 336/17. ಇಪ್ಪತ್ತಕ್ಕೆ ಸ್ವಲ್ಪ ಕಡಿಮೆ ನವಿಲುಗಳು ಯಾವ ಮರದಲ್ಲೂ ಕೂರುವುದಿಲ್ಲ. ಭತ್ತವನ್ನು ಅಳೆಯುವಾಗ ಎರಡು ಉತ್ತರ ನಿಲ್ಲುತ್ತವೆ, ಹಕ್ಕಿಯನ್ನು ಎಣಿಸುವಾಗ ಒಂದು.

ವರ್ಗದಾಚೆಯ ಬಹುಪದೋಕ್ತಿಗಳ ಕಡೆಗೂ ಅವನ ಕೈ ಚಾಚಿದೆ. ಗುಣೋತ್ತರ ಶ್ರೇಣಿಯ ಮೊತ್ತ, ಮೊದಲ ಪದ, ಪದಗಳ ಸಂಖ್ಯೆ ತಿಳಿದಾಗ ಗುಣಕವನ್ನು ಕಂಡುಹಿಡಿಯುವ ಸೂತ್ರವೊಂದು ಎರಡನೆಯ ಅಧಿಕಾರದಲ್ಲಿದೆ. ಮೊದಲ ಪದ 3, ಪದಗಳು 6, ಮೊತ್ತ 4095 ಎನ್ನಿ. ಇದು ಐದನೆಯ ಘಾತದ ಸಮೀಕರಣ. ಮೊತ್ತವನ್ನು ಮೊದಲ ಪದದಿಂದ ಭಾಗಿಸಿದರೆ 1365. ಒಂದು ಕಳೆದು ಊಹಿಸಿದ ಸಂಖ್ಯೆಯಿಂದ ಭಾಗಿಸುತ್ತಾ ಹೋಗಬೇಕು. 4 ಎಂದು ಊಹಿಸಿದರೆ 1364ರಿಂದ 341, 340ರಿಂದ 85, 84ರಿಂದ 21, 20ರಿಂದ 5, 4ರಿಂದ 1. ಶೇಷವಿಲ್ಲದೆ ಕೊನೆಗೆ ಒಂದು ಉಳಿಯಿತು, ಗುಣಕ 4. ಬಹುಪದೋಕ್ತಿಯನ್ನು ಪದರ ಪದರವಾಗಿ ಬಿಚ್ಚುವ ಈ ಕ್ರಮ ಸಹಗುಣಕಗಳೆಲ್ಲ ಒಂದೇ ಆಗಿರುವಾಗ ಮಾತ್ರ ನಡೆಯುತ್ತದೆ. ಸಾಮಾನ್ಯ ವಿಧಾನವೆಂದು ಇದನ್ನು ಮೆರೆಸಬೇಕಾಗಿಲ್ಲ.

ಭಾಸ್ಕರನಿಗೆ ಬಂದರೆ ಚಿತ್ರ ಇನ್ನಷ್ಟು ತಿಳಿಯಾಗುತ್ತದೆ. ಮಧ್ಯದ ಪದವನ್ನು ಇಲ್ಲವಾಗಿಸುವ ಮಧ್ಯಮಾಹರಣಕ್ಕೆ ಅವನು ಶ್ರೀಧರನ ಸೂತ್ರವನ್ನು ಉದ್ಧರಿಸುತ್ತಾನೆ. ಶ್ರೀಧರನ ಬೀಜಗಣಿತ ಕಳೆದುಹೋಗಿ ಆ ಸೂತ್ರ ನಮಗೆ ಉಳಿದದ್ದು ಇಲ್ಲಿಂದಲೇ. ಕಪಿಗಳ ಹಿಂಡಿನ ಎಂಟನೆಯ ಒಂದು ಭಾಗದ ವರ್ಗ ಮತ್ತು 12 ಸೇರಿ ಇಡೀ ಹಿಂಡು ಎಂಬ ಲೆಕ್ಕಕ್ಕೆ ಅವನು 48, 16 ಎರಡನ್ನೂ ಒಪ್ಪುತ್ತಾನೆ. ಇದು ಮಹಾವೀರನ ಭತ್ತದ ರಾಶಿಯ ಅಚ್ಚೇ ಆಗಿದೆ; ಛೇದ 64, ಉಳಿಕೆ 12. ಇನ್ನೊಂದರಲ್ಲಿ ಐದನೆಯ ಒಂದು ಭಾಗದಲ್ಲಿ ಮೂರು ಕಳೆದು ವರ್ಗ ಮಾಡಿದಷ್ಟು ಗುಹೆಗೆ ಹೋದವು, ಒಂದು ಕಾಣಿಸುತ್ತಿದೆ. ಮೂಲಗಳು 50 ಮತ್ತು 5. ಐದರ ಐದನೆಯ ಭಾಗದಲ್ಲಿ ಮೂರು ಕಳೆಯುವಂತಿಲ್ಲ, ಲೋಕ ಅದನ್ನು ಒಪ್ಪದು ಎಂದು ಎರಡನೆಯದನ್ನು ಬಿಡುತ್ತಾನೆ. ಸಮೀಕರಣ ಕೊಡುವ ಮೂಲ ಬೇರೆ, ಲೆಕ್ಕ ಒಪ್ಪುವ ಉತ್ತರ ಬೇರೆ ಎಂಬ ಎಚ್ಚರ ಇಲ್ಲಿ ಬಾಯಿಬಿಟ್ಟು ಬಂದಿದೆ.

ಅದೇ 12ನೆಯ ಶತಮಾನದಲ್ಲಿ ಹೊಯ್ಸಳ ವಿಷ್ಣುವರ್ಧನನ ಕಾಲದ ರಾಜಾದಿತ್ಯ ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ಗಳನ್ನು ಕನ್ನಡದಲ್ಲೇ ಬರೆದ. ಬಳ್ಳಿಗಾವೆಯ ಶಾಸನಗಳಲ್ಲಿ ದಾನದ ಭೂಮಿಯನ್ನು ಭೇರುಂಡ ಗಳೆಯಿಂದ ಅಳೆದು ಮತ್ತರು, ಕಮ್ಮಗಳಲ್ಲಿ ಹೇಳುವುದನ್ನು ನೋಡಿದವರಿಗೆ ಕ್ಷೇತ್ರಗಣಿತದ ಓದುಗರು ಯಾರೆಂದು ತಿಳಿಯುತ್ತದೆ. ಗಳೆ ಹಿಡಿದವನಿಗೆ ವರ್ಗಮೂಲ ಬೇಕು, ವರ್ಗ ಸಮೀಕರಣ ಅಪರೂಪಕ್ಕೆ. ಬಿ. ಎಲ್. ರೈಸ್ 1902 ಮತ್ತು 1904ರಲ್ಲಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳು, ಎಂಟನೆಯ ಸಂಪುಟಗಳಲ್ಲಿ ಶಿಕಾರಿಪುರ, ಸೊರಬ ತಾಲ್ಲೂಕುಗಳ ಶಾಸನಗಳಿವೆ. ಅವುಗಳ ಅಳತೆಗಳು ಅಂಕಗಣಿತದ ಸಾಕ್ಷಿ, ಬೀಜಗಣಿತದ್ದಲ್ಲ.

ಮೂಲ–ಸಹಗುಣಕ ಸಂಬಂಧವನ್ನು ಸಂಬಂಧವಾಗಿಯೇ ಬರೆದವರು ಯುರೋಪಿನವರು: 1615ರಲ್ಲಿ ಮರಣೋತ್ತರವಾಗಿ ಅಚ್ಚಾದ ವಿಯೇತನ ಕೃತಿ ಧನಮೂಲಗಳಿಗೆ, 1629ರಲ್ಲಿ ಜಿರಾರ್ ಋಣ ಮತ್ತು ಕಾಲ್ಪನಿಕ ಮೂಲಗಳನ್ನೂ ಸೇರಿಸಿ. ಸಹಗುಣಕಗಳನ್ನು ಅಕ್ಷರಗಳಿಂದ ಸೂಚಿಸುವ ವಿಯೇತನ ಪದ್ಧತಿ ಇದಕ್ಕೆ ಮುಖ್ಯ ಕಾರಣ. ಮಹಾವೀರನನ್ನು ವಿಯೇತನಿಗಿಂತ ಮುಂಚಿನ ವಿಯೇತ ಎಂದು ಕೊಂಡಾಡುವುದು ಇಬ್ಬರಿಗೂ ಅನ್ಯಾಯ. ಎರಡು ಮೂಲಗಳನ್ನು ಸಮಾನವಾಗಿ ಕಂಡ ಸೂತ್ರವನ್ನು 9ನೆಯ ಶತಮಾನದಲ್ಲೇ ಕೊಟ್ಟದ್ದು ಅವನ ನಿಜವಾದ ಹಿರಿಮೆ, ಅಷ್ಟು ಸಾಕು.

ಎಂ. ರಂಗಾಚಾರ್ಯರು 1912ರಲ್ಲಿ ಮದರಾಸಿನಲ್ಲಿ ‘ಗಣಿತಸಾರಸಂಗ್ರಹ’ವನ್ನು ಮೊದಲ ಬಾರಿಗೆ ಅಚ್ಚು ಮಾಡಿಸಿದಾಗ ಅವರ ಮುಂದಿದ್ದ ಪ್ರತಿಗಳಲ್ಲಿ ಕನ್ನಡ ಲಿಪಿಯ ಓಲೆಗರಿಗಳಿದ್ದವು. ಪದ್ಮಾವತಮ್ಮನವರ ಕನ್ನಡ ಅನುವಾದ ಮತ್ತು ಟಿಪ್ಪಣಿಗಳಿರುವ ಆವೃತ್ತಿ 2000ದಲ್ಲಿ ಪಕ್ಕದ ಹೊಸನಗರ ತಾಲ್ಲೂಕಿನ ಹೊಂಬುಜ ಜೈನಮಠದಿಂದಲೇ ಹೊರಬಂದಿದೆ. ಶಿಕಾರಿಪುರ, ಸೊರಬಗಳ ಪ್ರೌಢಶಾಲೆಯ ಗಣಿತ ಶಿಕ್ಷಕರು ಅದನ್ನು ಶಾಲೆಯ ಗ್ರಂಥಾಲಯಕ್ಕೆ ತರಿಸಿಕೊಂಡು, ಮೂಲಗಳ ಮೊತ್ತ ಮತ್ತು ಗುಣಲಬ್ಧದ ಪಾಠ ಬಂದ ದಿನ ಭತ್ತದ ರಾಶಿಯ ಲೆಕ್ಕವನ್ನೇ ಹಲಗೆಯ ಮೇಲೆ ಬರೆಯಬೇಕೆಂದು ಕೋರುತ್ತೇನೆ.