ಕೆಂಪು ಬಲೂನು ಮತ್ತು ನಾನು ಓಡಿಸಿದ ಎರಡು ನಿಮಿಷ

ಹೋದ ತಿಂಗಳು ಮಗಳು ಹೈದರಾಬಾದಿನಿಂದ ನಾಲ್ಕು ದಿನ ರಜೆ ಹಾಕಿ ಡೊಂಬಿವಲಿಯ ಮನೆಗೆ ಬಂದಿದ್ದಳು. ಒಂದು ರಾತ್ರಿ ಊಟ ಮುಗಿಸಿ ಮೂವರೂ ಟೀವಿ ಮುಂದೆ ಕೂತು, ಏನು ನೋಡೋದು ಅಂತ ಹುಡುಕುತ್ತಿದ್ದಾಗ ಅವಳೇ ಕೂಗಿದಳು, "ಅಪ್ಪಾ, ಬಲೂನು ಸಿನಿಮಾ! ನಾನು ಚಿಕ್ಕೋಳಿದ್ದಾಗ ನೀನು ತೋರಿಸಿದ್ದು!" ಹೌದು, ಅದೇ. 1956ರ ಫ್ರೆಂಚ್ ಚಿತ್ರ, 'ಲ ಬಲೋ ರೂಜ್'. ಇಂಗ್ಲಿಷಿನಲ್ಲಿ 'ದಿ ರೆಡ್ ಬಲೂನ್'. ಮೂವತ್ತನಾಲ್ಕು ನಿಮಿಷದ್ದು. ನೋಡಿ ಮುಗಿದ ಮೇಲೆ ಅವಳು ಹೇಳಿದ ಒಂದು ಮಾತಿಗೆ ನನಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಚಿತ್ರದ ಕಥೆ, ಅದರ ಹಿಂದಿನ ಕಥೆ.

ನಾನು ಇದನ್ನು ಮೊದಲು ನೋಡಿದ್ದು 1993ರಲ್ಲಿ. ಸಾಗರದಲ್ಲಿ ಬಿಕಾಂ ಮುಗಿಸಿ, ಬ್ಯಾಂಕ್ ಪರೀಕ್ಷೆ ಪಾಸಾಗಿ ಮುಂಬಯಿಗೆ ಬಂದು ಒಂದು ವರ್ಷವಾಗಿತ್ತಷ್ಟೆ. ಜೊತೆಗೆ ಕೆಲಸ ಮಾಡುತ್ತಿದ್ದ ಬಂಗಾಳಿ ಮಿತ್ರನೊಬ್ಬ ಶನಿವಾರ ಅರ್ಧ ದಿನದ ಕೆಲಸ ಮುಗಿಸಿ ಫಿಲ್ಮ್ ಸೊಸೈಟಿಗೆ ಎಳೆದುಕೊಂಡು ಹೋದ. ಕಬ್ಬಿಣದ ಕುರ್ಚಿಗಳು, ಕಿರಿಕಿರಿ ಅನ್ನುವ ಪ್ರೊಜೆಕ್ಟರು, ಗೋಡೆಗೆ ಕಟ್ಟಿದ ಬಿಳಿ ಪರದೆ. ಫ್ರೆಂಚ್ ನನಗೇನು ಗೊತ್ತು ಮಣ್ಣು ಅಂತ ಹೆದರಿಕೊಂಡೇ ಕೂತೆ. ಆದರೆ ಈ ಚಿತ್ರದಲ್ಲಿ ಮಾತೇ ಇಲ್ಲ ಅನ್ನಬಹುದು. ಸಾಗರದ ಹುಡುಗನಿಗೂ ಪ್ಯಾರಿಸ್ಸಿನ ಹುಡುಗನಿಗೂ ಒಂದೇ ಸಮ ಅರ್ಥವಾಗುತ್ತದೆ.

ಕಥೆ ಇಷ್ಟೇ. ಪಾಸ್ಕಲ್ ಅನ್ನುವ ಐದಾರು ವರ್ಷದ ಹುಡುಗ ಬೆಳಿಗ್ಗೆ ಶಾಲೆಗೆ ಹೋಗುತ್ತಾ ದೀಪದ ಕಂಬಕ್ಕೆ ಸಿಕ್ಕಿಕೊಂಡ ಒಂದು ದೊಡ್ಡ ಕೆಂಪು ಬಲೂನನ್ನು ಕಾಣುತ್ತಾನೆ. ಕಂಬ ಹತ್ತಿ ಬಿಡಿಸಿಕೊಳ್ಳುತ್ತಾನೆ. ಬಲೂನು ಹಿಡಿದುಕೊಂಡು ಬಸ್ ಹತ್ತಬಾರದು ಅನ್ನುತ್ತಾನೆ ಕಂಡಕ್ಟರ್. ಹುಡುಗ ಶಾಲೆಗೆ ಓಡುತ್ತಾನೆ. ಮಳೆ ಬಂದರೆ ತಾನು ನೆನೆದರೂ ಪರವಾಗಿಲ್ಲ, ಬಲೂನು ನೆನೆಯಬಾರದು ಅಂತ ದಾರಿಹೋಕರ ಕೊಡೆಯ ಕೆಳಗೆ ಅದನ್ನು ಹಿಡಿದು ನಡೆಯುತ್ತಾನೆ. ಮನೆಯಲ್ಲಿ ಅದನ್ನು ಕಿಟಕಿಯಿಂದ ಹೊರಗೆ ಬಿಟ್ಟುಬಿಡುತ್ತಾರೆ. ಬಲೂನು ಹೋಗುವುದೇ ಇಲ್ಲ! ಕಿಟಕಿಯ ಹೊರಗೇ ಕಾಯುತ್ತದೆ.

ಅಲ್ಲಿಂದ ಮುಂದೆ ಅದು ಅವನ ಗೆಳೆಯ. ದಾರ ಹಿಡಿಯಬೇಕಿಲ್ಲ, ಹಿಂದೆ ಹಿಂದೆ ಬರುತ್ತದೆ, ಕಣ್ಣಾಮುಚ್ಚಾಲೆ ಆಡುತ್ತದೆ. ತರಗತಿಯೊಳಗೆ ನುಗ್ಗಿ ಗಲಾಟೆ ಎಬ್ಬಿಸುತ್ತದೆ. ಹೆಡ್‌ಮಾಸ್ತರು ಹುಡುಗನನ್ನು ಕೋಣೆಯಲ್ಲಿ ಕೂಡಿಹಾಕಿದರೆ ಬೀದಿಯಲ್ಲಿ ಅವರ ಬೆನ್ನು ಬಿದ್ದು ಕಾಡುತ್ತದೆ. ನೀಲಿ ಬಲೂನು ಹಿಡಿದ ಹುಡುಗಿಯೊಬ್ಬಳು ಎದುರಾದಾಗ ಆ ನೀಲಿಯೂ ಕೆಂಪಿನ ಹಿಂದೆ ಹೊರಟುಬಿಡುತ್ತದೆ. ಇದೆಲ್ಲ ನಗುವಿನ ಭಾಗ. ಆದರೆ ಬೀದಿಯ ಪುಂಡ ಹುಡುಗರ ಕಣ್ಣು ಆ ಬಲೂನಿನ ಮೇಲೆ ಬಿದ್ದಿರುತ್ತದೆ. ಇಕ್ಕಟ್ಟಿನ ಓಣಿಗಳಲ್ಲಿ ಅಟ್ಟಿಸಿಕೊಂಡು ಹೋಗಿ, ಗುಡ್ಡದ ಮೇಲಿನ ಬಯಲಿನಲ್ಲಿ ಕವಣೆ ಕಲ್ಲು ಬೀರುತ್ತಾರೆ. ಬಲೂನು ಪಟ್ ಅಂತ ಒಡೆಯುವುದಿಲ್ಲ. ಗಾಳಿ ನಿಧಾನವಾಗಿ ಸೋರುತ್ತದೆ, ಮೈ ಸುಕ್ಕಾಗುತ್ತದೆ, ನೆಲಕ್ಕೆ ಇಳಿಯುತ್ತದೆ. ಕೊನೆಗೊಂದು ಕಾಲು ಬಂದು ಅದನ್ನು ತುಳಿಯುತ್ತದೆ. ಆಗ ಪ್ಯಾರಿಸ್ಸಿನ ಮೂಲೆಮೂಲೆಯಿಂದ ಎಲ್ಲ ಬಣ್ಣದ ಬಲೂನುಗಳೂ ಕೈತಪ್ಪಿಸಿಕೊಂಡು ಹಾರಿ ಬರುತ್ತವೆ. ಪಾಸ್ಕಲ್ ಅವುಗಳ ದಾರಗಳನ್ನೆಲ್ಲ ಒಟ್ಟಿಗೆ ಹಿಡಿದುಕೊಳ್ಳುತ್ತಾನೆ. ಅವು ಅವನನ್ನು ಊರಿನ ಮೇಲೆ ಎತ್ತಿಕೊಂಡು ಹೋಗುತ್ತವೆ.

ಇದನ್ನು ಮಾಡಿದವರು ಆಲ್ಬರ್ ಲಾಮೊರಿಸ್. 1922ರಲ್ಲಿ ಪ್ಯಾರಿಸ್ಸಿನಲ್ಲೇ ಹುಟ್ಟಿದವರು. ಇದಕ್ಕೂ ಮುಂಚೆ 1953ರಲ್ಲಿ ಒಬ್ಬ ಹುಡುಗ ಮತ್ತು ಒಂದು ಕಾಡುಕುದುರೆಯ ಕಥೆ 'ಕ್ರ್ಯಾಂ ಬ್ಲಾಂ' ಮಾಡಿ ಹೆಸರು ಗಳಿಸಿದ್ದರು. ಬಲೂನು ಚಿತ್ರದ ಪಾಸ್ಕಲ್ ಅವರ ಸ್ವಂತ ಮಗ. ಹೆಸರನ್ನೂ ಬದಲಿಸಲಿಲ್ಲ. ನೀಲಿ ಬಲೂನಿನ ಹುಡುಗಿ ಮಗಳು ಸಬೀನ್. ಒಟ್ಟಿನಲ್ಲಿ ಅರ್ಧ ಮನೆಮಂದಿಯೇ ಸೇರಿ ಮಾಡಿದ ಚಿತ್ರ ಅನ್ನಿ.

ಚಿತ್ರ ತೆಗೆದ ಜಾಗವನ್ನು ಸ್ವಲ್ಪ ಗಮನಿಸಿ. ಐಫೆಲ್ ಗೋಪುರದ ಪ್ಯಾರಿಸ್ ಅಲ್ಲ ಇದು. ಊರಿನ ಪೂರ್ವದ ಗುಡ್ಡದ ಮೇಲಿನ ಬೆಲ್‌ವಿಲ್, ಮೆನಿಲ್‌ಮೊಂತಾನ್ ಎಂಬ ಕೂಲಿಕಾರ್ಮಿಕರ ಬಡಾವಣೆಗಳು. ಬಣ್ಣ ಕಳೆದುಕೊಂಡ ಗೋಡೆಗಳು, ಒದ್ದೆ ಕಲ್ಲಿನ ಬೀದಿಗಳು, ಉದ್ದುದ್ದ ಮೆಟ್ಟಿಲುಗಳು. ಮಹಾಯುದ್ಧ ಮುಗಿದು ಆಗಿನ್ನೂ ಹನ್ನೊಂದು ವರ್ಷ. ಈ ಬೀದಿಗಳಲ್ಲಿ ನೆಲೆಸಿದ್ದ ಎಷ್ಟೋ ಯಹೂದಿ ಕುಟುಂಬಗಳನ್ನು 1942ರಲ್ಲಿ ಹಿಡಿದು ಸಾಗಿಸಲಾಗಿತ್ತು. ಚಿತ್ರ ಅದರ ಬಗ್ಗೆ ಒಂದು ಮಾತೂ ಆಡುವುದಿಲ್ಲ. ಆದರೆ ಆ ಬೂದು ಬಣ್ಣದ ನಡುವೆ ಕೆಂಪು ಬಲೂನು ತೇಲಿ ಬರುವಾಗ ಅದ್ಯಾಕೆ ಎದೆಗೆ ತಾಗುತ್ತದೆ ಅಂತ ಈಗ ಸ್ವಲ್ಪ ಅರ್ಥವಾಗುತ್ತದೆ.

ಚಿತ್ರ ಬಂದ ಕೆಲವೇ ವರ್ಷಗಳಲ್ಲಿ 'ಹಳೆಯ, ಆರೋಗ್ಯಕ್ಕೆ ತಕ್ಕುದಲ್ಲದ ಮನೆಗಳು' ಅಂತ ಅಲ್ಲಿನ ಬೀದಿ ಬೀದಿಗಳನ್ನೇ ಕೆಡವಿದರು. ಆ ಗುಡ್ಡದ ಇಳಿಜಾರಿನಲ್ಲಿ 1988ರಲ್ಲಿ ಬೆಲ್‌ವಿಲ್ ಪಾರ್ಕ್ ತೆರೆಯಿತು. ಪಾಸ್ಕಲ್ ಓಡಾಡಿದ ಓಣಿಗಳಲ್ಲಿ ಎಷ್ಟೋ ಈಗ ಈ ಚಿತ್ರದಲ್ಲಿ ಮಾತ್ರ ಉಳಿದಿವೆ. ಗಿರ್‌ಗಾಂವ್, ಪರೇಲ್ ಕಡೆ ನಮ್ಮ ಕಣ್ಣೆದುರೇ ಚಾಳಗಳು ಉರುಳಿ ಟವರುಗಳು ಎದ್ದದ್ದನ್ನು ನೋಡಿದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಲಾಮೊರಿಸ್ ಹೊರಟಿದ್ದು ಮಕ್ಕಳ ಕಥೆ ಹೇಳುವುದಕ್ಕೆ. ಕೈಗೆ ಸಿಕ್ಕಿದ್ದು ಒಂದು ಊರಿನ ದಾಖಲೆ.

ಇನ್ನು ಬಲೂನನ್ನು ಹೇಗೆ ನಡೆಸಿದರು? ಕಣ್ಣಿಗೆ ಕಾಣದ ಸಣ್ಣ ದಾರಗಳಿಂದ. ಕಂಪ್ಯೂಟರ್ ಕಾಲವಲ್ಲ ನೋಡಿ. ಆಗಿನ ದೊಡ್ಡ ಫ್ರೆಂಚ್ ವಿಮರ್ಶಕ ಆಂದ್ರೆ ಬಾಜಾನ್ ಇದರ ಬಗ್ಗೆಯೇ ಒಂದು ಪ್ರಬಂಧದಲ್ಲಿ ಬರೆದರು. ಹುಡುಗನನ್ನು ಒಮ್ಮೆ, ಬಲೂನನ್ನು ಒಮ್ಮೆ ಬೇರೆ ಬೇರೆಯಾಗಿ ತೋರಿಸಿ ಕತ್ತರಿಸಿ ಅಂಟಿಸಿದ್ದರೆ ನಾವು ನಂಬುತ್ತಿರಲಿಲ್ಲ. ಇಬ್ಬರೂ ಒಂದೇ ಚೌಕಟ್ಟಿನಲ್ಲಿ, ನಿಜವಾದ ಬೀದಿಯಲ್ಲಿ ಒಟ್ಟಿಗೆ ಇರುವುದರಿಂದ ನಂಬುತ್ತೇವೆ. ಇದು ಅವರ ವಾದದ ಸಾರ. ನನ್ನಂಥ ಲೆಕ್ಕದವನ ಭಾಷೆಯಲ್ಲಿ ಹೇಳುವುದಾದರೆ, ವೋಚರ್ ಇಲ್ಲದೆ ಎಂಟ್ರಿ ಹಾಕಿಲ್ಲ!

1956ರ ಕಾನ್ ಚಿತ್ರೋತ್ಸವದಲ್ಲಿ ಕಿರುಚಿತ್ರಗಳ ದೊಡ್ಡ ಪ್ರಶಸ್ತಿ ಇದಕ್ಕೇ ಬಂತು. ಅದೇ ವರ್ಷ, ಅದೇ ಕಾನ್‌ನಲ್ಲಿ ಸತ್ಯಜಿತ್ ರಾಯ್ ಅವರ 'ಪಥೇರ್ ಪಾಂಚಾಲಿ'ಗೂ 'ಶ್ರೇಷ್ಠ ಮಾನವೀಯ ದಾಖಲೆ' ಎಂಬ ಪ್ರಶಸ್ತಿ ಸಿಕ್ಕಿತು. 1993ರಲ್ಲಿ ನನ್ನ ಬಂಗಾಳಿ ಮಿತ್ರ ಇದನ್ನು ಹತ್ತು ಸಲ ಹೇಳಿ ತಲೆ ತಿಂದಿದ್ದ. ಎರಡೂ ಮಗುವಿನ ಕಣ್ಣಿನಿಂದ ಲೋಕ ನೋಡಿದ ಚಿತ್ರಗಳು. ಎರಡೂ ಮಗುವಿನಿಂದ ಸಾವನ್ನು ಮುಚ್ಚಿಡಲಿಲ್ಲ. ಮುಂದಿನ ವರ್ಷ, 1957ರಲ್ಲಿ, ಲಾಮೊರಿಸ್ ಅವರಿಗೆ ಮೂಲ ಚಿತ್ರಕಥೆಗಾಗಿ ಆಸ್ಕರ್! ಮಾತೇ ಇಲ್ಲದ ಕಿರುಚಿತ್ರವೊಂದು ಫೆಲಿನಿಯ 'ಲಾ ಸ್ಟ್ರಾಡಾ'ವನ್ನು ಹಿಂದೆ ಹಾಕಿತ್ತು. ಕಿರುಚಿತ್ರವೊಂದು ಆ ವಿಭಾಗದಲ್ಲಿ ಗೆದ್ದದ್ದು ಅದೊಂದೇ ಸಲ.

ಈಗ ನನ್ನ ತಪ್ಪಿನ ಕಥೆಗೆ ಬರುತ್ತೇನೆ. 2008ರಲ್ಲಿ ಮಗಳಿಗೆ ಐದು ವರ್ಷ. ಆಗಷ್ಟೇ ಈ ಚಿತ್ರ ಹೊಸದಾಗಿ ಡಿವಿಡಿಯಲ್ಲಿ ಬಂದಿತ್ತು, ಪರಿಚಿತರೊಬ್ಬರು ಅಮೆರಿಕದಿಂದ ತಂದುಕೊಟ್ಟರು. ಒಂದು ಭಾನುವಾರ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಹಾಕಿದೆ. ಆ ವರ್ಷ ಮಳೆಗಾಲದಲ್ಲಿ ನನ್ನ ಅಮ್ಮ ತೀರಿಕೊಂಡಿದ್ದರು. "ಅಜ್ಜಿ ಊರಲ್ಲಿದ್ದಾರೆ" ಅಂತ ಮಗಳಿಗೆ ಸುಳ್ಳು ಹೇಳಿ ದಿನ ತಳ್ಳುತ್ತಿದ್ದೆವು. ಹುಡುಗರು ಕವಣೆ ಎತ್ತಿದ್ದೇ ನನ್ನ ಕೈ ರಿಮೋಟಿಗೆ ಹೋಯಿತು. ಎರಡು ನಿಮಿಷದಷ್ಟು ಓಡಿಸಿಬಿಟ್ಟೆ. ಬಲೂನು ಸಾಯುವುದನ್ನು ಅವಳು ನೋಡಲೇ ಇಲ್ಲ. ನೇರವಾಗಿ ಬಣ್ಣದ ಬಲೂನುಗಳು ಬಂದವು. ಅವಳು ನಕ್ಕಳು, ನಾನು ಜಾಣ ಅಪ್ಪ ಅಂದುಕೊಂಡೆ.

ಹೋದ ತಿಂಗಳು ಪೂರ್ತಿ ನೋಡಿದ ಮೇಲೆ ಅವಳು ಸುಮಾರು ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು, "ಇದನ್ನ ಯಾಕಪ್ಪಾ ತೋರಿಸಲಿಲ್ಲ ನಂಗೆ? ಕೊನೇಲಿ ಅಷ್ಟೊಂದು ಬಲೂನು ಯಾಕೆ ಬಂತು ಅಂತ ನಂಗೆ ಯಾವತ್ತೂ ಗೊತ್ತಾಗಿರಲಿಲ್ಲ. ಕೆಂಪು ಬಲೂನು ಎಲ್ಲಿ ಹೋಯ್ತು ಅಂತ ಎಷ್ಟು ದಿನ ಯೋಚನೆ ಮಾಡಿದ್ದೆ..." ಸ್ವಲ್ಪ ತಡೆದು, "ಅಜ್ಜಿ ಎಲ್ಲಿ ಅಂತಾನೂ ಹಾಗೇ" ಅಂದಳು. ನನ್ನ ಹೆಂಡತಿ ಎದ್ದು ಒಳಗೆ ಹೋದಳು. ನನಗೆ ಉತ್ತರ ಹೊಳೆಯಲಿಲ್ಲ.

ಲಾಮೊರಿಸ್ ಬದುಕಿನ ಕೊನೆಯನ್ನೂ ಹೇಳಿಬಿಡುತ್ತೇನೆ. ಅವರಿಗೆ ಆಕಾಶದ ಹುಚ್ಚು ಬಿಡಲಿಲ್ಲ. ಹೆಲಿಕಾಪ್ಟರಿನಿಂದ ನಡುಗದ ಹಾಗೆ ಚಿತ್ರ ತೆಗೆಯುವ ಸಾಧನ ರೂಪಿಸಿದರು. (ನಡುವೆ 1957ರಲ್ಲಿ ಒಂದು ಆಟವನ್ನೂ ಕಂಡುಹಿಡಿದರು. ಮಕ್ಕಳು 'ರಿಸ್ಕ್' ಅಂತ ಆಡುತ್ತಾರಲ್ಲ, ಅದೇ!) 1970ರ ಜೂನ್ 2ರಂದು ಇರಾನಿನ ಕರಜ್ ಅಣೆಕಟ್ಟಿನ ಹತ್ತಿರ ಚಿತ್ರೀಕರಣ ಮಾಡುತ್ತಿದ್ದಾಗ ಅವರ ಹೆಲಿಕಾಪ್ಟರ್ ಬಿತ್ತು. ಆಗ ಅವರಿಗೆ ನಲವತ್ತೆಂಟು. ಪಾಸ್ಕಲ್ ಇಪ್ಪತ್ತರ ಆಸುಪಾಸಿನ ಹುಡುಗ. ತಂದೆ ಬರೆದಿಟ್ಟ ಟಿಪ್ಪಣಿ ನೋಡಿಕೊಂಡು ತಾಯಿ ಮಗ ಸೇರಿ ಆ ಚಿತ್ರವನ್ನು ಮುಗಿಸಿದರು. 'ಪ್ರೇಮಿಗಳ ಗಾಳಿ' ಎಂಬರ್ಥದ ಹೆಸರಿನ ಆ ಸಾಕ್ಷ್ಯಚಿತ್ರ 1978ರಲ್ಲಿ ಹೊರಬಂದು ಆಸ್ಕರ್ ನಾಮನಿರ್ದೇಶನ ಪಡೆಯಿತು. ಬಲೂನು ಕಳೆದುಕೊಂಡ ಹುಡುಗನ ಪಾಲಿಗೆ ಎಂಥಾ ದಿನ ಬಂತು ನೋಡಿ.

2007ರಲ್ಲಿ ತೈವಾನಿನ ಹೌ ಶಿಯಾವ್ ಶಿಯೆನ್ ಇದೇ ಬಲೂನನ್ನು ನೆನೆದು ಪ್ಯಾರಿಸ್ಸಿನಲ್ಲಿ ಇನ್ನೊಂದು ಚಿತ್ರ ಮಾಡಿದರು. ಚಿತ್ರ ಬಂದು ಐವತ್ತು ವರ್ಷ ದಾಟಿದ ಮೇಲೂ ಜಗತ್ತಿನ ಇನ್ನೊಂದು ತುದಿಯವರಿಗೆ ಅದು ಬೇಕಾಯಿತು. ಯಾಕಿರಬಹುದು? ನನಗೆ ಅನಿಸುವುದು ಇಷ್ಟು. ಲಾಮೊರಿಸ್ ತಮ್ಮ ಮಗನನ್ನೇ ಎದುರಿಗೆ ನಿಲ್ಲಿಸಿಕೊಂಡು ಆ ಎರಡು ನಿಮಿಷವನ್ನು ಪೂರ್ತಿ ತೋರಿಸಿದರು. ಬಲೂನು ಸತ್ತಿತು ಅಂತ ಒಪ್ಪಿಕೊಂಡ ಮೇಲಷ್ಟೇ ಉಳಿದವು ಬಂದವು. ಖರ್ಚು ಬರೆಯದೆ ಜಮೆ ಮಾತ್ರ ತೋರಿಸಿದರೆ ಲೆಕ್ಕ ಕೂಡುವುದಿಲ್ಲ ಅನ್ನುವುದು ಮೂವತ್ತು ವರ್ಷ ಬ್ಯಾಂಕಿನಲ್ಲಿ ಕೂತ ನನಗೆ ಗೊತ್ತಿರಬೇಕಿತ್ತು.

ಮಗಳು ಹೊರಡುವ ಹಿಂದಿನ ದಿನ ಅಮ್ಮನ ಹಳೆಯ ಫೋಟೋಗಳ ಡಬ್ಬ ತೆಗೆದೆ. ಆ ಮಳೆಗಾಲದಲ್ಲಿ ಏನಾಯಿತು ಅಂತ ಮೊದಲಿಂದ ಹೇಳಿದೆ. ಹದಿನೇಳು ವರ್ಷ ತಡವಾಗಿ.

ನಿಮ್ಮ ಮನೆಯಲ್ಲಿ ಮಕ್ಕಳೋ ಮೊಮ್ಮಕ್ಕಳೋ ಇದ್ದರೆ ಈ ಚಿತ್ರ ತೋರಿಸಿ. ರಿಮೋಟ್ ಮಾತ್ರ ಕೈಗೆಟುಕದ ಕಡೆ ಇಡಿ.