ಗುಂಡನ ಕಣ್ಣೀರು, ನಾರ್ವೆಯ ಮಣ್ಣು

ಕಣ್ಣೀರನ್ನ ಮಿಲಿಮೀಟರಿನಲ್ಲಿ ಅಳೀತಾರೆ ಅಂದ್ರೆ ನಂಬ್ತೀರಾ? ಐದು ಮಿಲಿಮೀಟರ್ ಅಗಲದ ಒಂದು ಕಾಗದದ ಪಟ್ಟಿ, ನಮ್ಮ ಕೆಮಿಸ್ಟ್ರಿ ಲ್ಯಾಬಿನ ಫಿಲ್ಟರ್ ಪೇಪರಿನ ಜಾತಿಯದ್ದು. ಅದರ ತುದಿ ಮಡಚಿ ಕೆಳರೆಪ್ಪೆಯ ಒಳಗೆ ಸಿಕ್ಕಿಸಿ ಗಡಿಯಾರ ನೋಡ್ತಾ ನಿಲ್ಲೋದು. ಪಟ್ಟಿ ಎಷ್ಟು ದೂರ ಒದ್ದೆಯಾಯ್ತು ಅನ್ನೋದೇ ಲೆಕ್ಕ. ಮನುಷ್ಯರಿಗೆ ಐದು ನಿಮಿಷ, ನಾಯಿಗಳಿಗೆ ಒಂದೇ ನಿಮಿಷ. ನಾಯಿಗೆ ಹದಿನೈದು ಮಿಲಿಮೀಟರ್ ದಾಟಿದರೆ ಚಿಂತೆಯಿಲ್ಲ, ಹತ್ತಕ್ಕಿಂತ ಕಡಿಮೆಯಾದರೆ ಅನುಮಾನ, ಐದು ಮತ್ತು ಅದಕ್ಕೂ ಕೆಳಗಾದರೆ ಕಾಯಿಲೆ ಜೋರಾಗಿದೆ ಅಂತ ಅರ್ಥ. ಒಟ್ಟೋ ಶಿರ್ಮರ್ ಅನ್ನೋ ಜರ್ಮನ್ ಕಣ್ಣಿನ ವೈದ್ಯ 1903ರಲ್ಲಿ ಬರೆದಿಟ್ಟ ಪರೀಕ್ಷೆ ಇದು. ನೂರಿಪ್ಪತ್ತು ವರ್ಷ ದಾಟಿದರೂ ಇವತ್ತಿಗೂ ಇದೇ ನಡೀತಿದೆ. ಸಾಫ್ಟ್‌ವೇರಿನಲ್ಲಿ ಐದು ವರ್ಷ ಹಳೇ ಕೋಡ್ ಕಂಡರೆ ಮೂಗು ಮುರಿಯೋ ನಮಗೆ ಇದು ಸ್ವಲ್ಪ ಕಲಿಯೋ ವಿಷಯ :)

ನಮ್ಮ ಗುಂಡನಿಗೆ ಬಲಗಣ್ಣಲ್ಲಿ ನಾಲ್ಕು, ಎಡಗಣ್ಣಲ್ಲಿ ಏಳು ಬಂತು. ಗುಂಡ ಅಂದ್ರೆ ನಮ್ಮನೆ ಪಗ್. ಏಳು ವರ್ಷ. ಕೆನಡಾಕ್ಕೆ ಹೋದ ಸ್ನೇಹಿತನೊಬ್ಬ ಬಿಟ್ಟುಹೋದ ಆಸ್ತಿ. ಬೆಳಿಗ್ಗೆ ಎದ್ದರೆ ಎರಡೂ ಕಣ್ಣಿಗೆ ಅಂಟಂಟು ಗೀಜು, ಕಣ್ಣಿನ ಹೊಳಪೆಲ್ಲ ಹೋಗಿ ಮಂಕು ಗಾಜಿನ ಥರ. ನಾವಿರೋದು ಅಬ್ಬಿಗೆರೆಯಲ್ಲಿ, ಇಂಡಸ್ಟ್ರಿಯಲ್ ಏರಿಯಾದ ಧೂಳು ಯಾರಿಗೆ ಗೊತ್ತಿಲ್ಲ? ಹಾಗಾಗಿ ಮನೆಯಲ್ಲಿ ಎಲ್ಲರ ತೀರ್ಪೂ 'ಧೂಳು' ಅಂತಲೇ ಇತ್ತು. ಗಂಗಮ್ಮನ ಗುಡಿ, ಬಿಇಎಲ್ ಸರ್ಕಲ್ ದಾಟಿ ಹೆಬ್ಬಾಳದ ವೆಟರಿನರಿ ಕಾಲೇಜಿಗೆ ಕರ್ಕೊಂಡು ಹೋದಾಗ ಡಾಕ್ಟರು ಆ ಪಟ್ಟಿ ಇಟ್ಟು ನೋಡಿ ಹೇಳಿದ್ದು: ಕಣ್ಣೀರು ಬತ್ತುತ್ತಿದೆ, ಔಷಧಿ ದಿನಕ್ಕೆ ಎರಡು ಸಲ, ಬದುಕಿರೋವರೆಗೂ.

"ಬದುಕಿರೋವರೆಗೂನಾ?" ಅಂದರು ಅಪ್ಪ. ಆ ಪ್ರಶ್ನೆಗೆ ಉತ್ತರ ಹುಡುಕ್ತಾ ಹೊರಟವನಿಗೆ ಸಿಕ್ಕಿದ್ದು ಒಂದು ದೊಡ್ಡ ಚರಿತ್ರೆ. ಅದನ್ನೇ ಇಲ್ಲಿ ಬರೀತಿದ್ದೀನಿ.

ಮೊದಲು ಹೆಬ್ಬಾಳದ ವಿಷಯ. ಇವತ್ತು ಅಲ್ಲಿ ಲ್ಯಾಬ್ರಡಾರು, ಶಿಟ್ಜು, ಪರ್ಷಿಯನ್ ಬೆಕ್ಕು ಹಿಡ್ಕೊಂಡು ಕ್ಯೂನಲ್ಲಿ ನಿಂತವರನ್ನ ನೋಡಿದರೆ ಹೆಬ್ಬಾಳದ ಕಥೆ ಶುರುವಾಗಿದ್ದು ದನಗಳಿಂದ ಅನ್ನೋದು ಮರೆತೇ ಹೋಗುತ್ತೆ. 1925ರಲ್ಲಿ ಮೈಸೂರು ಸರ್ಕಾರ ಹೆಬ್ಬಾಳದಲ್ಲಿ ಸೀರಂ ಇನ್‌ಸ್ಟಿಟ್ಯೂಟ್ ಶುರು ಮಾಡಿತು. ಊರಿಗೆ ಊರೇ ದನಗಳನ್ನ ಬಲಿ ತಗೋತಿದ್ದ ದೊಡ್ಡರೋಗಕ್ಕೆ ಸೀರಂ ತಯಾರಿಸೋದಕ್ಕೆ. (ಆ ರೋಗ ಈಗ ಭೂಮಿ ಮೇಲೇ ಇಲ್ಲ, 2011ರಲ್ಲಿ ನಿರ್ಮೂಲವಾಯ್ತು ಅಂತ ಘೋಷಿಸಿದರು. ಸಿಡುಬು ಬಿಟ್ಟರೆ ಹಾಗೆ ಹೋದ ರೋಗ ಅದೊಂದೇ.) ಪಶುವೈದ್ಯ ಕಾಲೇಜು ಬಂದಿದ್ದು 1958ರಲ್ಲಿ. ಆಮೇಲೆ ಕೃಷಿ ವಿಶ್ವವಿದ್ಯಾಲಯದ ಕೆಳಗಿತ್ತು, ಈಗ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೆಳಗಿದೆ. ಎತ್ತು ಬಿದ್ದರೆ ಒಂದು ಸಂಸಾರವೇ ಬೀಳುತ್ತೆ ಅನ್ನೋ ಕಾಲದಲ್ಲಿ ನಾಯಿಯ ಕಣ್ಣೀರು ಅಳೆಯೋಕೆ ಯಾರಿಗೆ ಪುರುಸೊತ್ತು? ಊರೇ ಬದಲಾಗಿ, ಕೊಟ್ಟಿಗೆ ಹೋಗಿ ಅಪಾರ್ಟ್‌ಮೆಂಟ್ ಬಂದಮೇಲೆ ಅಲ್ಲಿಯ ಕ್ಯೂ ಕೂಡ ಬದಲಾಯ್ತು.

ಪಗ್ ಆ ಕ್ಯೂಗೆ ಬಂದದ್ದು ಹೇಗೆ ಅಂತ ನಿಮಗೇ ಗೊತ್ತು. 2003ರ ಹಚ್ ಜಾಹೀರಾತು! ಪುಟ್ಟ ಹುಡುಗ ಎಲ್ಲಿ ಹೋದರೂ ಹಿಂದೆ ಹಿಂದೆ ನಡೆಯೋ ಪಗ್. ಚೀಕಾ ಅಂತ ಅದರ ಹೆಸರು. ಮಾಡಿಸಿದ್ದು ಒಗಿಲ್ವಿ, ನಿರ್ದೇಶನ ನಮ್ಮ ಬೆಂಗಳೂರಿನ ನಿರ್ವಾಣ ಫಿಲಂಸ್‌ನ ಪ್ರಕಾಶ್ ವರ್ಮಾ ಅವರದ್ದು. ನಾನಾಗ ಒಂದನೇ ಕ್ಲಾಸು, ನಮ್ಮ ಬೀದಿಯ ಅಷ್ಟೂ ಮಕ್ಕಳಿಗೂ 'ಹಚ್ ನಾಯಿ' ಬೇಕಾಗಿತ್ತು. ಪಗ್ ಅನ್ನೋ ಹೆಸರೇ ಯಾರಿಗೂ ಗೊತ್ತಿರಲಿಲ್ಲ. ಹಚ್ 2007ರಲ್ಲಿ ವೊಡಾಫೋನ್ ಆಯ್ತು, 2018ರಲ್ಲಿ ಐಡಿಯಾ ಜೊತೆ ಸೇರಿತು, ಕಂಪನಿಯ ಹೆಸರು ಹೋದರೂ ನಾಯಿ ಮಾತ್ರ ಮನೆಮನೆಯಲ್ಲಿ ಉಳೀತು.

ಅಂದ ಹಾಗೆ ಪಗ್ ಮೊದಲಿಂದ ಹೀಗಿರಲಿಲ್ಲ. ಚೀನಾದಿಂದ ಹಾಲೆಂಡಿಗೆ, ಅಲ್ಲಿಂದ ಇಂಗ್ಲೆಂಡಿಗೆ ಹೋದ ತಳಿ. ವಿಲಿಯಂ ಹೋಗಾರ್ಥ್ ಅನ್ನೋ ಚಿತ್ರಕಾರ 1745ರಲ್ಲಿ ತನ್ನ ಪಗ್ ಜೊತೆ ತನ್ನದೇ ಚಿತ್ರ ಬರೆದಿದ್ದಾನೆ. ಒಮ್ಮೆ ಹುಡುಕಿ ನೋಡಿ. ಆ ನಾಯಿಗೆ ಮೂತಿ ಇದೆ! ಕಣ್ಣು ಗೂಡಿನೊಳಗೆ ಕೂತಿದೆ. ಆಮೇಲಿನ ಇನ್ನೂರು ವರ್ಷದಲ್ಲಿ ಮೂತಿ ಚಪ್ಪಟೆ ಆದಷ್ಟೂ ಚೆಂದ ಅಂತ ಆರಿಸಿ ಆರಿಸಿ ಮರಿ ಹಾಕಿಸಿದರು. ಮೂತಿ ಒಳಗೆ ಹೋಯ್ತು, ಕಣ್ಣುಗುಡ್ಡೆ ಹೊರಗೆ ಬಂತು. ಪೂರ್ತಿ ಮುಚ್ಚದ ರೆಪ್ಪೆ, ಮೂಗಿನ ಮೇಲಿನ ಮಡಿಕೆಯ ಕೂದಲು ಕಣ್ಣಿಗೆ ಉಜ್ಜೋದು, ಕಾರ್ನಿಯಾ ಮೇಲೆ ನಿಧಾನಕ್ಕೆ ಹರಡೋ ಕಂದು ಪೊರೆ, ಇವೆಲ್ಲ ಪಗ್‌ಗಳಿಗೆ ಹುಟ್ಟಿನಿಂದಲೇ ಬಂದ ಬಳುವಳಿ. ಅದರ ಮೇಲೆ ಕಣ್ಣೀರೂ ಬತ್ತಿದರೆ ಕೇಳೋದೇ ಬೇಡ. ಲಂಡನ್ನಿನ ರಾಯಲ್ ವೆಟರಿನರಿ ಕಾಲೇಜಿನವರು 2021ರಲ್ಲಿ ಕಣ್ಣು ಒಣಗುವ ಕಾಯಿಲೆ ಹೆಚ್ಚಾಗಿ ಕಾಣಿಸೋ ತಳಿಗಳನ್ನ ಹುಡುಕಿದಾಗ ಅಮೆರಿಕನ್ ಕಾಕರ್ ಸ್ಪಾನಿಯಲ್, ಬುಲ್‌ಡಾಗ್‌ಗಳ ಜೊತೆ ಪಗ್ ಕೂಡ ಸಿಕ್ಕಿತು. ಮುಂದಿನ ವರ್ಷ ಅದೇ ಕಾಲೇಜಿನವರು, ಆರೋಗ್ಯದ ದೃಷ್ಟಿಯಿಂದ ಪಗ್ ಅನ್ನು ಇನ್ನು ಮಾಮೂಲಿ ನಾಯಿ ಅಂತ ಕರೆಯೋಕೇ ಆಗಲ್ಲ ಅಂತ ಬರೆದರು. ಕಟುವಾದ ಮಾತು. ಆದರೆ ನನ್ನ ಪ್ರಕಾರ ಸರಿಯಾದ ಮಾತು.

ಇನ್ನು ಕಾಯಿಲೆಯ ಒಳಗುಟ್ಟು. ಸ್ವೀಡನ್ನಿನ ಹೆನ್ರಿಕ್ ಶೋಗ್ರೆನ್ 1933ರಲ್ಲಿ ಕಣ್ಣು, ಬಾಯಿ ಎರಡೂ ಒಣಗಿದ ಹತ್ತೊಂಬತ್ತು ಹೆಂಗಸರ ಬಗ್ಗೆ ಪ್ರಬಂಧ ಬರೆದ. ವಿಶ್ವವಿದ್ಯಾಲಯ ಅದಕ್ಕೆ ಒಳ್ಳೇ ದರ್ಜೆ ಕೊಡಲಿಲ್ಲ, ಪಾಪ ಮೇಷ್ಟರಾಗೋ ದಾರಿಯೇ ಮುಚ್ಚಿತು. ಇವತ್ತು ಆ ರೋಗಕ್ಕೆ ಅವನದೇ ಹೆಸರು. ದೇಹದ ಕಾವಲು ಪಡೆ ದಾರಿ ತಪ್ಪಿ ತನ್ನದೇ ಕಣ್ಣೀರು ಗ್ರಂಥಿಯ ಮೇಲೆ ಬೀಳೋದು ಇದಕ್ಕೆ ಕಾರಣ ಅನ್ನೋದು ಆಮೇಲೆ ಗೊತ್ತಾಯ್ತು. ನಾಯಿಗಳಲ್ಲೂ ಬಹುಪಾಲು ಇದೇ ಕಥೆ. ಡಿಸ್ಟೆಂಪರ್ ಬಂದು ಹೋದಮೇಲೆ, ಕೆಲವು ಸಲ್ಫಾ ಮಾತ್ರೆಗಳಿಂದ ಬರೋದೂ ಉಂಟು.

ಔಷಧಿ ಬರೋಕೆ ಮುಂಚೆ ಏನು ಮಾಡ್ತಿದ್ರು ಅನ್ನೋದು ನನಗೆ ಅತಿ ವಿಚಿತ್ರ ಅನ್ನಿಸಿದ ಅಧ್ಯಾಯ. ಒಂದು ದಾರಿ ಪೈಲೋಕಾರ್ಪೀನ್. ಬ್ರೆಜಿಲ್‌ನ ಜಬೊರಾಂಡಿ ಗಿಡದ ಸತ್ವ, ಊಟದಲ್ಲಿ ಹನಿ ಹಾಕಿ ಕೊಡೋದು. ನರದ ತೊಂದರೆಯಿಂದ ಕಣ್ಣೀರು ನಿಂತಿದ್ದರೆ ಕೆಲಸ ಮಾಡುತ್ತೆ, ಇಲ್ಲದಿದ್ದರೆ ಜೊಲ್ಲು, ವಾಂತಿ, ಭೇದಿ. ಇನ್ನೊಂದು ದಾರಿ ಆಪರೇಷನ್. 1950ರ ದಶಕದ ಶುರುವಿನಲ್ಲಿ ಸೋವಿಯತ್ ಒಕ್ಕೂಟದ ಫಿಲಾತೋವ್ ಮತ್ತವರ ಜೊತೆಗಾರರು ಮನುಷ್ಯರಿಗೆ ಮಾಡಿದ್ದು, ಆಮೇಲೆ ನಾಯಿಗಳಿಗೂ ಬಂತು. ಕೆನ್ನೆಯ ಜೊಲ್ಲಿನ ನಾಳವನ್ನ ಬಿಡಿಸಿ ತಂದು ಕಣ್ಣಿಗೆ ಜೋಡಿಸೋದು! ಕಣ್ಣೀರಿನ ಬದಲು ಜೊಲ್ಲು. ಐಡಿಯಾ ಏನೋ ಭಲೇ. ಆದರೆ ತಟ್ಟೆ ಕಂಡ ಕೂಡಲೇ ನಾಯಿಯ ಕಣ್ಣಲ್ಲಿ ಧಾರಾಕಾರ, ಮುಖವೆಲ್ಲ ಒದ್ದೆ, ಕಾಲಕ್ರಮೇಣ ಕಣ್ಣಿನ ಮೇಲೆ ಸುಣ್ಣದಂಥ ಪದರ. ಇಷ್ಟಾದರೂ ಕುರುಡಾಗೋದಕ್ಕಿಂತ ವಾಸಿ ಅಂತ ಮಾಡಿಸ್ತಿದ್ದರು. ಈಗಲೂ ಔಷಧಿಗೆ ಬಗ್ಗದ ಕಣ್ಣಿಗೆ ಇದೇ ಕೊನೇ ಉಪಾಯ.

ದಾರಿ ಬದಲಾಗಿದ್ದು ಒಂದು ಚೀಲ ಮಣ್ಣಿನಿಂದ. ಸ್ವಿಟ್ಜರ್ಲೆಂಡಿನ ಸ್ಯಾಂಡೋಜ್ ಕಂಪನಿಯವರು ತಮ್ಮ ನೌಕರರಿಗೆ, ರಜಕ್ಕೆ ಎಲ್ಲಿ ಹೋದರೂ ಅಲ್ಲಿಯ ಮಣ್ಣು ಸ್ವಲ್ಪ ತನ್ನಿ ಅಂತ ಹೇಳಿದ್ದರು. ಹೊಸ ಆಂಟಿಬಯಾಟಿಕ್ ಸಿಗಬಹುದು ಅನ್ನೋ ಆಸೆ. (ನಮ್ಮ ಆಫೀಸಿನಲ್ಲಿ ರಜದಿಂದ ಬರುವಾಗ ಸ್ವೀಟ್ ತನ್ನಿ ಅಂತಾರೆ, ಅಷ್ಟೇ.) 1969ರಲ್ಲಿ ನಾರ್ವೆಯ ಹಾರ್ಡಂಗರ್ವಿಡ್ಡಾ ಪ್ರಸ್ಥಭೂಮಿಯಿಂದ ಬಂದ ಮಣ್ಣಿನಲ್ಲಿ ಒಂದು ಬೂಷ್ಟು ಸಿಕ್ಕಿತು. ಅದರಿಂದ ಬಂದದ್ದೇ ಸೈಕ್ಲೋಸ್ಪೋರಿನ್. ಆಂಟಿಬಯಾಟಿಕ್ ಆಗಿ ಅಂಥಾ ಪ್ರಯೋಜನವಿಲ್ಲ. ಆದರೆ ದೇಹದ ಕಾವಲು ಪಡೆಯನ್ನ, ಅದರಲ್ಲೂ ಟಿ-ಕಣಗಳನ್ನ ಹದ್ದುಬಸ್ತಿನಲ್ಲಿಡುತ್ತೆ ಅನ್ನೋದು 1972ರಲ್ಲಿ ತಿಳೀತು. ಕಸಿ ಮಾಡಿದ ಕಿಡ್ನಿಯನ್ನ ದೇಹ ತಿರಸ್ಕರಿಸೋದನ್ನ ತಡೆಯೋಕೆ ಅದನ್ನ ಬಳಸಬಹುದು ಅಂತ 1983ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು.

ಅದನ್ನ ನಾಯಿಯ ಕಣ್ಣಿಗೆ ಹಾಕಿ ನೋಡಿದ್ದು ಜಾರ್ಜಿಯಾ ವಿಶ್ವವಿದ್ಯಾಲಯದ ಪಶುವೈದ್ಯೆ ರೆನೀ ಕಾಸ್ವಾನ್, 1980ರ ದಶಕದಲ್ಲಿ. ತರ್ಕ ಸರಳ: ಪಡೆ ಗ್ರಂಥಿಯ ಮೇಲೆ ಬಿದ್ದಿದೆ, ಪಡೆಯನ್ನ ತಡೆದರೆ ಗ್ರಂಥಿ ಚೇತರಿಸ್ಕೊಳ್ಳುತ್ತೆ. ಕಣ್ಣೀರು ನಿಜವಾಗಿಯೂ ವಾಪಸ್ ಬಂತು. 1995ರಲ್ಲಿ 'ಆಪ್ಟಿಮ್ಯೂನ್' ಅನ್ನೋ ಹೆಸರಲ್ಲಿ ನಾಯಿಗಳಿಗಂತಲೇ ಮುಲಾಮು ಬಂತು, ಶೇಕಡಾ 0.2. ಮನುಷ್ಯರ ಕಣ್ಣಿಗೆ ಅದೇ ಔಷಧಿ 'ರೆಸ್ಟಾಸಿಸ್' ಆಗಿ ಬಂದದ್ದು 2002ರ ಡಿಸೆಂಬರಿನಲ್ಲಿ. ಅಂದರೆ ನಾಯಿಗೆ ಸಿಕ್ಕಿ ಏಳು ವರ್ಷ ಆದಮೇಲೆ ನಮ್ಮ ಪಾಳಿ! ಅದು ವರ್ಷಕ್ಕೆ ನೂರು ಕೋಟಿ ಡಾಲರ್ ದಾಟಿದ ವ್ಯಾಪಾರವಾಯ್ತು. ರಾಯಲ್ಟಿ ವಿಷಯಕ್ಕೆ ಕಾಸ್ವಾನ್ ಅವರೂ ಅವರದೇ ವಿಶ್ವವಿದ್ಯಾಲಯದ ಸಂಶೋಧನಾ ಪ್ರತಿಷ್ಠಾನವೂ ಕೋರ್ಟು ಹತ್ತಿದರು. 2017ರಲ್ಲಂತೂ ಅಲರ್ಗನ್ ಕಂಪನಿ ರೆಸ್ಟಾಸಿಸ್ ಪೇಟೆಂಟುಗಳನ್ನ ಉಳಿಸಿಕೊಳ್ಳೋಕೆ ಅಮೆರಿಕದ ಮೊಹಾಕ್ ಬುಡಕಟ್ಟಿನವರ ಹೆಸರಿಗೆ ಬರೆದುಕೊಟ್ಟಿತು. ಅದೇ ವರ್ಷ ಕೋರ್ಟು ಆ ಪೇಟೆಂಟುಗಳನ್ನ ತಳ್ಳಿಹಾಕಿತು. ಅಲ್ಲಿ ಜೆನೆರಿಕ್‌ಗೆ ಒಪ್ಪಿಗೆ ಸಿಕ್ಕಿದ್ದು 2022ರಲ್ಲಿ.

ಅಪ್ಪನ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಈ ಔಷಧಿ ಪಡೆಯನ್ನ ಕೊಲ್ಲೋದಿಲ್ಲ, ಸುಮ್ಮನೆ ಕೂರಿಸುತ್ತೆ. ನಿಲ್ಲಿಸಿದರೆ ಅದು ಮತ್ತೆ ಎದ್ದು ಬರುತ್ತೆ. ಹಾಕಿದ ಕೂಡಲೇ ಗುಣವೂ ಕಾಣಲ್ಲ, ಕೆಲವು ವಾರ ಕಾಯಬೇಕು. ಬಹಳ ಜನ ಬೇಸತ್ತು ಬಿಡೋದು ಆ ವಾರಗಳಲ್ಲೇ. ನಾನು ಇದನ್ನ ಅಪ್ಪನಿಗೆ ಕ್ರಾನ್ ಜಾಬ್ ಅಂತ ವಿವರಿಸೋಕೆ ಹೋಗಿ ಸೋತೆ. ಅಮ್ಮ "ನಿಮ್ಮ ಬಿಪಿ ಮಾತ್ರೆ ಥರ ಕಣ್ರೀ" ಅಂದರು, ಒಂದೇ ವಾಕ್ಯಕ್ಕೆ ಮುಗೀತು.

ಇನ್ನೊಂದು ಚರಿತ್ರೆ ಗುಂಡನ ಬಲಗಣ್ಣಲ್ಲೇ ಇತ್ತು. ನಾಯಿಗೆ ಮೂರನೇ ರೆಪ್ಪೆ ಇರುತ್ತೆ, ಅದರ ಬುಡದಲ್ಲೊಂದು ಗ್ರಂಥಿ. ಅದು ಜಾರಿ ಕೆಂಪು ಗುಳ್ಳೆಯ ಹಾಗೆ ಹೊರಗೆ ಬಂದರೆ ಚೆರ್ರಿ ಐ ಅಂತಾರೆ. ಹಿಂದೆ ಅದನ್ನ ಕತ್ತರಿಸಿ ಬಿಸಾಕೋದೇ ಪದ್ಧತಿ, ಎರಡು ನಿಮಿಷದ ಕೆಲಸ. ಕಣ್ಣೀರಿನ ಸುಮಾರು ಮೂರನೇ ಒಂದು ಪಾಲು ಆ ಗ್ರಂಥಿಯದ್ದೇ ಅಂತ ಗೊತ್ತಾದ ಮೇಲೆ ಅದನ್ನ ಒಳಗೇ ಹೊಲಿದು ಕೂರಿಸೋ ವಿಧಾನಗಳು ಬಂದವು. ಗುಂಡ ಮರಿಯಾಗಿದ್ದಾಗ ಯಾವುದೋ ಒಂದು ಕ್ಲಿನಿಕ್ಕಿನಲ್ಲಿ ಬಲಗಣ್ಣಿನ ಗ್ರಂಥಿಯನ್ನ ಕತ್ತರಿಸಿಯೇ ಬಿಟ್ಟಿದ್ದರಂತೆ, ಸ್ನೇಹಿತ ಫೋನಿನಲ್ಲಿ ಹೇಳಿದ. ನಾಲ್ಕು ಮತ್ತು ಏಳರ ನಡುವಿನ ವ್ಯತ್ಯಾಸದಲ್ಲಿ ಅದರ ಪಾಲು ಎಷ್ಟೋ! ನಿಮ್ಮ ನಾಯಿಗೆ ಚೆರ್ರಿ ಐ ಆದರೆ, ಕತ್ತರಿಸ್ತೀರಾ, ಹೊಲೀತೀರಾ ಅಂತ ಬಾಯಿ ಬಿಟ್ಟು ಕೇಳಿ.

ಗುಂಡನಿಗೆ ಮೊದಲು ಸೈಕ್ಲೋಸ್ಪೋರಿನ್ ಹನಿ ಬರೆದುಕೊಟ್ಟರು. ನಾವು ತಂದದ್ದು ಮನುಷ್ಯರ ಮೆಡಿಕಲ್ ಸ್ಟೋರಿನಿಂದಲೇ. ಎಡಗಣ್ಣು ಬೇಗ ಒಪ್ಪಿಕೊಂಡಿತು, ಬಲಗಣ್ಣು ಹಟ ಹಿಡೀತು. ಆಮೇಲೆ ಟ್ಯಾಕ್ರೋಲಿಮಸ್‌ಗೆ ಬದಲಾಯಿಸಿದರು. ಅದು 1984ರಲ್ಲಿ ಜಪಾನಿನ ತ್ಸುಕುಬಾದ ಮಣ್ಣಲ್ಲಿ ಸಿಕ್ಕ ಇನ್ನೊಂದು ಸೂಕ್ಷ್ಮಜೀವಿಯದ್ದು, ಕೆಲಸ ಮಾಡೋ ರೀತಿ ಹೆಚ್ಚುಕಮ್ಮಿ ಸೈಕ್ಲೋಸ್ಪೋರಿನ್‌ನದೇ. ತಮಾಷೆ ಅಂದ್ರೆ ಈ ಟ್ಯಾಕ್ರೋಲಿಮಸ್ ಅನ್ನು ಹುದುಗು ಬರಿಸಿ ತಯಾರಿಸೋರಲ್ಲಿ ನಮ್ಮ ಬೆಂಗಳೂರಿನ ಬಯೋಕಾನ್ ಕೂಡ ಒಂದು. ಅವರ ಕ್ಯಾಪ್ಸೂಲಿಗೆ 2020ರಲ್ಲಿ ಅಮೆರಿಕದ ಒಪ್ಪಿಗೆ ಸಿಕ್ಕಿತು.

ಮೂರು ತಿಂಗಳಾದ ಮೇಲೆ ಮತ್ತೆ ಪಟ್ಟಿ ಇಟ್ಟರು. ಎಡಗಣ್ಣು ಹದಿನಾರು, ಬಲಗಣ್ಣು ಒಂಬತ್ತು. ಬಲಗಣ್ಣಿನ ಮೂಲೆಯಲ್ಲಿ ಆಗಲೇ ಹರಡಿದ್ದ ಕಂದು ಪೊರೆ ಹಾಗೇ ಇದೆ, ಅದು ಹೋಗೋದು ಕಷ್ಟವಂತೆ. ಮುಂದೆ ಹರಡಿಲ್ಲ. ಬೆಳಿಗ್ಗೆ ಏಳಕ್ಕೆ ಅಮ್ಮ, ರಾತ್ರಿ ಏಳಕ್ಕೆ ಅಪ್ಪ ಔಷಧಿ ಹಾಕ್ತಾರೆ. ನಾನು ಗುಂಡನ್ನ ಹಿಡ್ಕೊಳ್ಳೋನು.